ಸರಾಸರಿ

ಮಧ್ಯಾಹ್ನ ಒಂದೂವರೆಗೆ ಭಟ್ಟಿ ಸಾಲಿಗೆ ಕಾಲಿಟ್ಟರೆ
ಡಾಂಬರು ಚಪ್ಪಲಿಯನ್ನು ಹಿಡಿದು ಮಾತಾಡಿಸುತ್ತದೆ.
ಸೊಂಟದಲ್ಲಿ ಬಿಲ್ಲಿನ ಯಂತ್ರ, ಕೈಯಲ್ಲಿ ಬೆಚ್ಚನೆ ನೀರಿನ ಬಾಟಲಿ,
ದಾವಣಗೆರೆಯ ಏಪ್ರಿಲ್ಲಿನಲ್ಲಿ ನಾನು
ಗೋಡೆಗೋಡೆಗೆ ಕಣ್ಣಿಟ್ಟು ಅಂಕಿ ಓದುವವನು.
ಅಂಕಿ ಬಿಟ್ಟು ಬೇರೇನನ್ನೂ ಓದಬೇಡ ಎಂದು
ಆಫೀಸಿನಲ್ಲಿ ಹೇಳಿಯೇ ಕಳಿಸಿದ್ದಾರೆ.

ಹನ್ನೊಂದನೇ ಮನೆ ಹುಸೇನಬಿಯದು.
ಮೂರು ಕಡೆ ಇಟ್ಟಿಗೆ, ನಾಲ್ಕನೆಯದು ತಗಡು,
ಮೇಲೂ ತಗಡು.
ನಸುಕಿಗೇ ಎದ್ದು ಮಂಡಕ್ಕಿ ಭಟ್ಟಿಗೆ ಹೋಗಿ
ಕಾದ ಮರಳಿನ ಮುಂದೆ ಎಂಟು ತಾಸು ನಿಂತು
ಮನೆಗೆ ಬಂದು ಕೂತರೆ,
"ಅಲ್ಲಿ ಹುರಿಯೋಕೆ ಕೂಲಿ ಕೊಡ್ತಾರಣ್ಣ,
ಇಲ್ಲಿ ನನ್ನೇ ಪುಕ್ಕಟೆ ಹುರೀತಾರೆ."
ನಕ್ಕರೆ ಹುಬ್ಬಿನಿಂದ ಹೊಟ್ಟಿನ ಧೂಳು ಉದುರುತ್ತದೆ.

ಹೋದ ಬೇಸಿಗೆ ಜಗಳ ತೆಗೆದಿದ್ದಳು.
"ಓಣಿಗೆಲ್ಲ ಸೊನ್ನೆ ಬಂದೈತೆ,
ನನ್ನ ಚೀಟೀಲಿ ಯಾಕೆ ಮುನ್ನೂರಾ ಹನ್ನೆರಡು?"
ಕಲಿತ ಪಾಠ ಒಪ್ಪಿಸಿದೆ:
ಎಣಿಕೆಗೆ ಹಿಡಿದ ವರ್ಷ ನೀವು ಉರಿಸಿದ್ದರ ಸರಾಸರಿ,
ಮೇಲೊಂದು ಚೂರು. ಅಷ್ಟು ಮಾಫಿ.
ದಾಟಿದ್ದಕ್ಕೆ ದುಡ್ಡು.
ಅವಳು ಬೆರಳ ಗೆಣ್ಣಿನ ಮೇಲೆ ಹಿಂದಕ್ಕೆ ಎಣಿಸಿದಳು.
ಆ ವರ್ಷ ಫ್ಯಾನು ಸುಟ್ಟಿತ್ತು.
ಆ ವರ್ಷ ಶಮೀಮಳ ಮದುವೆಯ ಸಾಲ.
ಒಂದೇ ಬಲ್ಬು, ಅದೂ ಊಟದ ಹೊತ್ತಿಗೆ.
"ಅಂದ್ರೆ ಆವತ್ತು ಕತ್ಲಾಗೆ ಕೂತಿದ್ದಕ್ಕೆ
ಇವತ್ತೂ ಕತ್ಲಾಗೇ ಕೂಡು ಅಂತೀರೇನು?"
ನನ್ನ ಯಂತ್ರದಲ್ಲಿ ಅದಕ್ಕೆ ಗುಂಡಿ ಇರಲಿಲ್ಲ.

ಒಳಗೆ ತೊಟ್ಟಿಲು. ಬಾಣಂತನಕ್ಕೆ ಬಂದ ಶಮೀಮ
ಒದ್ದೆ ಟವೆಲ್ಲು ಇಳಿಬಿಟ್ಟು ಮಗುವನ್ನು ತೂಗುತ್ತಿದ್ದಳು.
ಹೊಸ ಫ್ಯಾನು ಮೇಲಿನ ಬಿಸಿಯನ್ನೇ ಕಡೆದು
ಯೂನಿಟ್ಟು ಲೆಕ್ಕದಲ್ಲಿ ಕೆಳಗೆ ಸುರಿಯುತ್ತಿತ್ತು.
ಹುಸೇನಬಿ ತಗಡಿನ ಸಂದಿಯಿಂದ
ಹಳೆಯ ಚೀಟಿಗಳ ಕಂತೆ ಎಳೆದಳು.
ಎಲ್ಲವೂ ಕಪ್ಪು.
ಬಿಸಿಯಿಂದ ಅಚ್ಚು ಮೂಡುವ ಕಾಗದ, ಬಿಸಿಯೇ ನುಂಗಿತ್ತು:
ಹೆಸರು, ನಂಬರು, ಕಟ್ಟುವ ಕೊನೆಯ ದಿನ,
ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗೆ.
"ನೋಡು, ನನ್ನ ಮನೇನೂ ಬಿಲ್ ಬರೀತೈತೆ."

ಆಮೇಲಿನದನ್ನು ಕಂತಿನಲ್ಲಿ ಕಂಡೆ, ತಿಂಗಳಿಗೊಮ್ಮೆ.
ಜೂನಿನಲ್ಲಿ ಬಾಗಿಲ ಬಳಿ ಹೊಟ್ಟಿನ ಚೀಲ ನಾಲ್ಕು,
ಆಗಸ್ಟಿನಲ್ಲಿ ಹದಿನಾರು.
ಜಗಳೂರು ಕಡೆ ಅವಳಜ್ಜಿಯದು ಮಾಳಿಗೆ ಮನೆಯಂತೆ,
ಮೊಳದುದ್ದ ಮಣ್ಣು ಮೇಲೆ, ಒಳಗೆ ಗಡಿಗೆಯ ತಂಪು.
"ಈ ತಗಡು ಮಣ್ಣು ಹೊರಂಗಿಲ್ಲ. ಹೊಟ್ಟು ಹಗುರ."
ಪಕ್ಕದ ಬಕ್ಕೇಶಪ್ಪ, ಬೆಂಕಿ ಬಿದ್ದರೆ ಓಣಿಯೇ ಹೋದೀತು ಅಂದ.
ತಪ್ಪೇನಲ್ಲ ಅವನ ಮಾತು.
ಸುಣ್ಣದ ನೀರಲ್ಲಿ ಅದ್ದಿ ಒಣಗಿಸಿದ ಹಿಡಿ ಹೊಟ್ಟಿಗೆ
ಅವನೆದುರೇ ಕಡ್ಡಿ ಗೀರಿ ತೋರಿಸಿದಳು:
ಹೊಗೆಯಾಡಿತು, ಜ್ವಾಲೆ ಏಳಲಿಲ್ಲ.
ಅವನು ಪೂರಾ ನಂಬಲಿಲ್ಲ. ನಾನೂ.
ದಸರೆಯ ಹೊತ್ತಿಗೆ ಹಳೆ ಸೀರೆಯ ಜೋಲಿಗಳಲ್ಲಿ
ತಗಡಿನ ಹೊಟ್ಟೆಗೆ ಹೊಟ್ಟು ಸೇರಿತ್ತು,
ಬೆನ್ನಿಗೆ ಎರಡು ಸಲ ಬಿಳಿ ಸುಣ್ಣ.
ಚಳಿಗಾಲದಲ್ಲಿ ಇಲಿ ಬಂದವು. ಬೆಕ್ಕು ತಂದಳು.
ಬೆಕ್ಕಿಗೆ ಹಾಲಿನ ಖರ್ಚು.

ಈ ಏಪ್ರಿಲ್. ಡಾಂಬರಿನ ಮಾತು ಇನ್ನೂ ಮುಗಿದಿಲ್ಲ.
"ಎಷ್ಟು ಬಂತು?"
"ನೂರಾ ನಲವತ್ತು."
"ಸೊನ್ನೆ ಅಲ್ವಾ?"
"ಅಲ್ಲ."
ತುಟಿ ಸೊಟ್ಟ ಮಾಡಿ ಚೀಟಿಯನ್ನು ಅದೇ ಸಂದಿಗೆ ಸಿಕ್ಕಿಸುವಾಗ
ಮಾರ್ಚಿನದು ಕೈಗೆ ಬಂತು,
ಬೂದು ತಿರುಗಿತ್ತು, ಆದರೆ ಅಕ್ಷರ ಬದುಕಿದ್ದವು.
ತವರಿಗೆ ಬಂದಿದ್ದ ಶಮೀಮ ಬಾಯಿ ಬಿಟ್ಟು ಓದಿದಳು,
ತೆವಳುವ ಮಗುವಿನಿಂದ ಕಾಗದ ಕಾಪಾಡುತ್ತ:
"ಅಮ್ಮಿ, ನಿನ್ನ ಹೆಸ್ರೇ ತಪ್ಪೈತೆ.
ಉಷೇನ್ ಬಾಯಿ ಅಂತ ಹಾಕ್ಯಾರೆ!"

ಇಷ್ಟು ವರ್ಷ ಯಾರೋ ಉಷೇನ್ ಬಾಯಿಯ ಸರಾಸರಿಗೆ
ಇವಳು ದುಡ್ಡು ಕಟ್ಟಿದ್ದಳು.
ತಿದ್ದಲು ಅರ್ಜಿ ಬೇಕು, ಆಧಾರ್ ಪ್ರತಿ, ಸಹಿ ಅಂದೆ.
"ಆಗ್ಲಿ. ಒಳಗೆ ಬಾ,
ಕೂತ್ಕೊಂಡು ಬರ್ದುಕೊಡು."

ಮುಂದೆ ಇನ್ನೂ ನಲವತ್ತಾರು ಮನೆಗಳಿದ್ದವು.
ಹೊಸ್ತಿಲು ದಾಟಿದೆ.
ಕತ್ತಿನ ಬೆವರು ಆರುವುದು ಗೊತ್ತಾಗುವಷ್ಟು ಹೊತ್ತು
ಪೆನ್ನಿನ ಮುಚ್ಚಳ ತೆಗೆಯದೆ ಕೂತಿದ್ದೆ.